ದೇವರ ಪಾಳಿ

ನನ್ನ ಅಕ್ಷರಗಳು ಮುತ್ತಿನಂತಿವೆ ಎಂದು ಹೊಗಳದವರು ಸುತ್ತಲ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಹೊಗಳಿದರೆ ಹಿಗ್ಗುವ ಸ್ವಭಾವ ನನ್ನದು, ಸುಳ್ಳೇಕೆ ಹೇಳಲಿ. ಹನುಮಸಾಗರದಿಂದ ಎರಡು ಹರದಾರಿ ದೂರದ ನಮ್ಮ ಹಳ್ಳಿಗೆ ನಾನೇ ಕುಲಕರ್ಣಿ, ವೆಂಕೋಬರಾವ್. ನಿಜಾಮ ಸರಕಾರದ ದಫ್ತರಕ್ಕೆ ಅಜೂರ, ದೈ, ಬಹಮನ್ ಎಂಬ ಫಸಲಿ ತಿಂಗಳುಗಳು. ಊರ ಮಂದಿಗೆ ಪಂಚಾಂಗದ ಚೈತ್ರ, ವೈಶಾಖಗಳು. ಎರಡೂ ನನ್ನ ಬೆರಳ ತುದಿಯಲ್ಲಿದ್ದವು. ಮದುವೆಯ ಮುಹೂರ್ತ ಕೇಳುವವರು, ಕಳೆದುಹೋದ ಎತ್ತಿನ ಅರ್ಜಿ ಬರೆಸುವವರು, ಎಲ್ಲರೂ ನನ್ನ ಬಾಗಿಲಿಗೇ ಬರಬೇಕು. ಅಷ್ಟೆಲ್ಲ ಬರೆದವನು ಒಂದೇ ಒಂದು ತಿಂಗಳನ್ನು ಬರೆಯಲು ಮರೆತೆ. ಆ ಮರೆವಿನ ಫಲ ಉಂಡವಳು ಕುರುಬರ ಓಣಿಯ ಹಂಪವ್ವ. ಉಂಡವಳು ಎನ್ನುವುದೂ ತಪ್ಪು. ಉಣ್ಣದೆ ಉಳಿದವಳು.

ಹಂಪವ್ವ ಸಾಣಾಪುರದ ಕಡೆಯ ಹೆಣ್ಣು. ಕುರಿಹಿಂಡಿನ ಹಿಂದೆ ನಡೆಯುತ್ತಲೇ ಸೊಸೆಯಾಗಿ ನಮ್ಮೂರಿಗೆ ಬಂದಳು ಎಂದು ನಮ್ಮ ತಾಯಿ ಹೇಳುತ್ತಿದ್ದರು. ಗಂಡ ವಾಂತಿಭೇದಿಯಲ್ಲಿ ಹೋದಾಗ ದೊಡ್ಡ ಮಗ ಓಬಳೆಪ್ಪ ಕುರಿಮರಿ ಕಾಯುವಷ್ಟಾಗಿದ್ದ, ಸಣ್ಣವನು ಬಾಲಪ್ಪ ಇನ್ನೂ ಅಂಬೆಗಾಲು. ಅವಳು ತವರಿಗೂ ಹೋಗಲಿಲ್ಲ, ಯಾರ ಮುಂದೆ ಕೈಯನ್ನೂ ಒಡ್ಡಲಿಲ್ಲ. ಉಣ್ಣೆ ನೂತಳು. ನೀರಿಗೆ ಹೋಗುವಾಗ ನೂಲುತ್ತಿದ್ದಳು, ಹೊಲಕ್ಕೆ ಹೋಗುವಾಗ ನೂಲುತ್ತಿದ್ದಳು, ಯಾರೊಡನೆಯೋ ಜಗಳ ಆಡುವಾಗಲೂ ಅವಳ ಕೈಯಲ್ಲಿ ಕದಿರು ತಿರುಗುತ್ತಲೇ ಇರುತ್ತಿತ್ತು. ಅವಳ ನೂಲಿನ ಕಂಬಳಿಯ ಮೇಲೆ ತಂಬಿಗೆ ನೀರು ಸುರಿದರೆ ಒಂದು ಹನಿ ಕೆಳಗಿಳಿಯುತ್ತಿರಲಿಲ್ಲ.

ಅಂಥ ಒಂದು ಕಂಬಳಿ ನಮ್ಮ ಮನೆಯಲ್ಲೂ ಇತ್ತು. ನಮ್ಮವರಿಗೆ ಉಣ್ಣೆ ಮಡಿ. ನಾನು ಜಪಕ್ಕೆ ಕೂರುವುದೂ ಅದರ ಮೇಲೆ, ಬರೆಯಲು ಕೂರುವುದೂ ಅದರ ಮೇಲೆ. ಹಂಪವ್ವ ಅಂಗಳದಲ್ಲಿ ನಿಂತು ಅದನ್ನು ನೋಡಿ ನಗುತ್ತಿದ್ದಳು.

"ನೋಡ್ರಿ ರಾಯರ, ಕಂಬಳಿ ಮಡಿ, ಅದನ್ನ ನೂತ ಕೈ ಮೈಲಿಗಿ. ಉಣ್ಣಿ ಯಾವಾಗ ಸ್ನಾನಾ ಮಾಡಿತೋ ನನಗಂತೂ ಗೊತ್ತಾಗಲಿಲ್ಲ."

ನನಗೆ ಸಿಟ್ಟು ಬರುತ್ತಿತ್ತು. ತಲೆ ಬಗ್ಗಿಸಿ ಬರೆಯುವುದನ್ನು ಮುಂದುವರಿಸುತ್ತಿದ್ದೆ.

ಫಸಲಿ ೧೩೪೯ರಲ್ಲಿ, ಎಂದರೆ ಎರಡನೆಯ ದೊಡ್ಡ ಲಡಾಯಿ ಶುರುವಾದ ಮರುವರ್ಷ, ಮಕ್ಕಳಿಬ್ಬರೂ ಬೇರೆಯಾದರು. ಅಂಗಳದ ನಡುವೆ ಗೋಡೆ ಎದ್ದಿತು. ಕುರಿ ಹಂಚುವಾಗ ತಕರಾರು ಬರಲಿಲ್ಲ, ಹೊಲ ಹಂಚುವಾಗಲೂ ಬರಲಿಲ್ಲ. ತಾಯಿಯನ್ನು ಯಾರು ಇಟ್ಟುಕೊಳ್ಳಬೇಕು ಎನ್ನುವಲ್ಲಿ ಬಂತು. ಓಬಳೆಪ್ಪನ ಹೆಂಡತಿ ದುರಗಮ್ಮ, ಬಾಲಪ್ಪನ ಹೆಂಡತಿ ಕಸ್ತೂರೆಮ್ಮ, ಇಬ್ಬರೂ ಒಲ್ಲೆ ಎಂದರು. ಆಗ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಚೈತ್ರ ಓಬಳೆಪ್ಪನಿಗೆ, ವೈಶಾಖ ಬಾಲಪ್ಪನಿಗೆ, ಜ್ಯೇಷ್ಠ ಓಬಳೆಪ್ಪನಿಗೆ, ಆಷಾಢ ಬಾಲಪ್ಪನಿಗೆ, ಹೀಗೆ ಹನ್ನೆರಡೂ ತಿಂಗಳಿಗೆ ಪಾಳಿ ಹಚ್ಚಿದೆ. ಯಾರ ಪಾಳಿಯೋ ಅವರ ಮನೆಯಲ್ಲಿ ಅವಳ ಊಟ, ಹಾಸಿಗೆ. ಒಂದು ಗೀಟು, ಒಂದು ತಿದ್ದುಪಡಿ ಇಲ್ಲದ ಹಾಳೆ. ಓದಿ ಹೇಳಿದಾಗ ಕೂತ ಹಿರಿಯರೆಲ್ಲ "ತಕ್ಕಡಿ ಹಿಡದಂಗ ಆತು ಬಿಡ್ರಿ" ಎಂದರು. ನನ್ನ ಎದೆ ಉಬ್ಬಿತು.

ಹಂಪವ್ವ ಕಂಬಕ್ಕೆ ಒರಗಿ ನೂಲುತ್ತ ಕೂತಿದ್ದಳು. "ನನ್ನ ಒಂದ ಮಾತು ಕೇಳಲಿಲ್ಲಲ್ರಿ ರಾಯರ" ಎಂದಳು.

"ನಿನ್ನ ಹೊಟ್ಟಿದು ಬರದೇನಿ. ಇನ್ನೇನು ಬೇಕು ನಿನಗ?"

"ಹೊಟ್ಟಿ ಬರದೀರಿ ಖರೆ. ಹಲ್ಲು ಬರದಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳ ಬಾಯಲ್ಲಿ ಆಗ ಉಳಿದಿದ್ದುದು ಎರಡೇ ಹಲ್ಲು. ಜೋಳದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಡಬೇಕು, ಇಲ್ಲವೇ ನುಚ್ಚು ಮಾಡಿಕೊಡಬೇಕು ಎಂಬುದು ಆ ಮಾತಿನ ಅರ್ಥ. ಅದನ್ನು ನಾನು ಬರೆಯಲಿಲ್ಲ. ತಾಯಿಗೆ ರೊಟ್ಟಿ ನೆನೆಸಿಕೊಡಿ ಎಂದು ಕಾಗದದಲ್ಲಿ ಬರೆಯುವುದುಂಟೆ ಎಂದುಕೊಂಡೆ.

ಎರಡು ವರ್ಷ ಆ ಪಾಳಿ ನಡೆಯಿತು. ಪ್ರತಿ ಅಮಾವಾಸ್ಯೆಯ ಮರುದಿನ ಹಂಪವ್ವ ತನ್ನ ಕಂಬಳಿ ಸುತ್ತಿಕೊಂಡು, ಕದಿರು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯ ಈಚೆಯಿಂದ ಆಚೆಗೆ ಹೋಗುತ್ತಿದ್ದಳು. ತಿಂಗಳ ಕೊನೆಯ ನಾಲ್ಕು ದಿನ "ನಾಳಿ ಹೋಗಾಕಿ" ಎಂದು ಒಂದು ಮನೆಯಲ್ಲಿ ಗಡಿಗೆ ತೆಳ್ಳಗಾಗುತ್ತಿತ್ತು. ಮೊದಲ ನಾಲ್ಕು ದಿನ "ಅಲ್ಲೆ ಉಂಡು ಬಂದಾಳ" ಎಂದು ಇನ್ನೊಂದರಲ್ಲಿ. ದುರಗಮ್ಮ ದಿನಕ್ಕೆ ಎರಡು ರೊಟ್ಟಿಯನ್ನು ತಪ್ಪದೆ ಅವಳ ಮುಂದೆ ಇಡುತ್ತಿದ್ದಳು, ಕಟಕ ರೊಟ್ಟಿ. ಗಟ್ಟಿ ಹಲ್ಲಿನವರೇ ಕಡಿದರೆ ಸದ್ದು ಓಣಿಗೆ ಕೇಳಬೇಕು. "ಎರಡ ರೊಟ್ಟಿ ಇಟ್ಟೇನಿ, ಓಣಿ ಮಂದಿನ್ನ ಕೇಳ್ರಿ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಹಂಪವ್ವ ಅದರ ಚೂರನ್ನು ಬಾಯಲ್ಲಿಟ್ಟುಕೊಂಡು ಮಧ್ಯಾಹ್ನದ ತನಕ ಚೀಪುತ್ತಿದ್ದಳು. ಮಿಕ್ಕದ್ದು ನಾಯಿಗೆ.

ಒಮ್ಮೆ ಕಾರ್ತಿಕದಲ್ಲಿ, ಬಾಲಪ್ಪನ ಪಾಳಿ ನಡೆದಾಗ, ಅವಳ ತೋಳು ನೀಲಿಗಟ್ಟಿದ್ದನ್ನು ನೋಡಿದೆ.

"ಏನಾತು ಹಂಪವ್ವ?"

"ಬಾಗಲಾ ಬಡೀತ್ರಿ."

ಬಾಲಪ್ಪನ ಹೊಸ ಮನೆಗೆ ಆಗಿನ್ನೂ ಬಾಗಿಲು ಕೂಡಿಸಿರಲಿಲ್ಲ. ತಟ್ಟಿ ಕಟ್ಟಿದ್ದರು. ಅದು ನನಗೆ ಗೊತ್ತಿತ್ತು. ನನಗೆ ಗೊತ್ತು ಎಂಬುದು ಅವಳಿಗೂ ಗೊತ್ತಿತ್ತು. "ಸಂಭಾಳಿಸಿಕೊಂಡು ಓಡಾಡು" ಎಂದು ಹೇಳಿ ಮುಂದೆ ಹೋದೆ. ಮನೆಮನೆಯ ಒಳಜಗಳದಲ್ಲಿ ಕುಲಕರ್ಣಿ ಬಾಯಿ ಹಾಕಬಾರದು ಎಂಬ ನೀತಿ ನನಗೆ ಆ ಹೊತ್ತಿಗೆ ಸರಿಯಾಗಿ ನೆನಪಾಯಿತು.

ಆಮೇಲೆ ಫಸಲಿ ೧೩೫೧ರ ಬೇಸಿಗೆ ಬಂತು. ಆ ವರ್ಷ ಪಂಚಾಂಗದಲ್ಲಿ ಅಧಿಕ ಮಾಸ. ವೈಶಾಖ ಮುಗಿದ ಮೇಲೆ ಅಧಿಕ ಜ್ಯೇಷ್ಠ ಒಂದು ತಿಂಗಳು, ಅದಾದ ಮೇಲೆ ನಿಜ ಜ್ಯೇಷ್ಠ. ಬರಗಾಲದಲ್ಲಿ ಅಧಿಕ ಮಾಸ ಎಂದು ನಾವು ಗಾದೆ ಆಡುತ್ತೇವೆ. ಆ ಗಾದೆ ಒಬ್ಬರ ಹೊಟ್ಟೆಯ ಮೇಲೇ ಬಂದು ಕೂರುತ್ತದೆ ಎಂದು ನಾನು ಎಣಿಸಿರಲಿಲ್ಲ. ಹನ್ನೆರಡು ತಿಂಗಳು ಬರೆದ ನನ್ನ ಹಾಳೆಯಲ್ಲಿ ಹದಿಮೂರನೆಯದಕ್ಕೆ ಜಾಗವೇ ಇರಲಿಲ್ಲ.

ವೈಶಾಖದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರೂ ನನ್ನ ಕಟ್ಟೆಗೆ ಬಂದರು. ಹಿಂದೆ ಐದಾರು ಮಂದಿ, ತಮಾಷೆ ನೋಡುವವರು.

"ನನ್ನ ವೈಶಾಖ ಮುಗೀತ್ರಿ" ಎಂದ ಬಾಲಪ್ಪ.

"ನನ್ನ ಜೇಷ್ಠ ಇನ್ನ ಬಂದಿಲ್ರಿ" ಎಂದ ಓಬಳೆಪ್ಪ. "ಇದು ಅಧಿಕ. ಕಾಗದದಾಗ ಅಧಿಕ ಎಲ್ಲೈತಿ, ತೋರಸ್ರಿ."

ಅಂದು ನಾನು ಬೇರೆ ಗಡಿಬಿಡಿಯಲ್ಲಿದ್ದೆ. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಕರೆದು ಮೂವತ್ತಮೂರು ಹೋಳಿಗೆಯ ಬಾಗಿನ ಕೊಡಬೇಕು. ಕೊಪ್ಪಳದಿಂದ ಅಳಿಯ ಬರುವುದಿತ್ತು, ಬೆಲ್ಲ ಬೇಳೆಯ ಚಿಂತೆ ತಲೆಯಲ್ಲಿತ್ತು. ಆದರೆ ಗಡಿಬಿಡಿಯ ನೆಪ ಹೇಳುವುದು ಬೇಡ. ನಾಲ್ಕು ಜನರ ಎದುರು ನನ್ನ ಬರಹದಲ್ಲಿ ತೂತು ತೋರಿಸಿದ್ದೇ ನನಗೆ ಚುಚ್ಚಿತು. ನಾಲಗೆ ಚಾಲಾಕಿತನಕ್ಕೆ ಇಳಿಯಿತು.

"ಈ ಅಧಿಕ ಮಾಸ ಯಾವ ದೇವರಿಗೂ ಬ್ಯಾಡಾಗಿತ್ತಂತ. ಕಡೀಕ ಪುರುಷೋತ್ತಮ 'ನನಗಿರಲಿ' ಅಂದ. ಹಂಗಾಗಿ ಈ ತಿಂಗಳು ದೇವರ ಪಾಳಿ ಅಂತ ತಿಳೀರಿ. ಹೋಗ್ರಿನ್ನ."

ಹಿಂದಿನವರು ನಕ್ಕರು. ಅಣ್ಣತಮ್ಮಂದಿರು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೈ ಮುಗಿದರು, ಎದ್ದು ಹೋದರು. ಎರಡು ವರ್ಷದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಹಂಪವ್ವನನ್ನು ಹನುಮಪ್ಪನ ಗುಡಿಯ ಪೌಳಿಯ ಕಟ್ಟೆಯ ಮೇಲೆ ತಂದು ಕೂಡಿಸಿದ್ದರು, ಕಂಬಳಿ, ಕದಿರು, ಒಂದು ತಂಬಿಗೆ ಸಮೇತ.

ಸುದ್ದಿ ಕೇಳಿದ ಕೂಡಲೇ ಹೋಗಿ "ಅದು ಚಾಷ್ಟಿ ಮಾತು, ಕರಕೊಂಡು ನಡೀರಿ" ಎನ್ನಬೇಕಿತ್ತು. ಹಾಗೆಂದರೆ ಕಾಗದ ತಪ್ಪಾಗಿದೆ ಎಂದು ಒಪ್ಪಿದಂತೆ. ನಾನು ಹೋಗಲಿಲ್ಲ. ಗುಡಿಯಲ್ಲಿ ಕೂತವರು ಹಸಿದು ಸತ್ತದ್ದು ಎಲ್ಲಿಯಾದರೂ ಉಂಟೆ, ಊರೇ ನೋಡಿಕೊಳ್ಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಊರು ನೋಡಿಕೊಂಡ ಬಗೆ ಹೀಗೆ. ಪೂಜಾರಿ ಕಾಯಿಚೂರು ಕೊಟ್ಟ. ಹೆಂಗಸರು ಹುರಿದ ಕಡಲೆಯ ಪುಟಾಣಿ ಕೊಟ್ಟರು. ಎರಡೇ ಹಲ್ಲಿನ ಮುದುಕಿಗೆ ಕೊಬ್ಬರಿ, ಪುಟಾಣಿ! ಪುಣ್ಯದ ತಿಂಗಳಲ್ಲಿ ದೇವರ ಪಾಳಿಗೆ ಬಂದವಳು ಎಂದು ನಾಲ್ಕಾರು ಜನ ಅವಳ ಕಾಲು ಮುಟ್ಟಿ ನಮಸ್ಕರಿಸಿದರಂತೆ. ಕಾಲು ಮುಟ್ಟಿದವರು ಅವಳ ಬಾಯಿ ನೋಡಲಿಲ್ಲ. ಹಂಪವ್ವ ಬೆಲ್ಲದ ಹರಳು ಸಿಕ್ಕರೆ ಚೀಪುವಳು, ಇಲ್ಲದಿದ್ದರೆ ಗುಡಿಯ ಮುಂದಿನ ಬಾವಿಯ ನೀರು ಕುಡಿಯುವಳು. ಕಸ್ತೂರೆಮ್ಮ ಅದೇ ಬಾವಿಗೆ ಕೊಡ ತರುತ್ತಿದ್ದಳು. ಅತ್ತೆಯ ತಂಬಿಗೆ ತುಂಬಿಸಿ ಕೊಡುತ್ತಿದ್ದಳು ಕೂಡ. ನೀರಿಗೆ ಪಾಳಿ ಇರಲಿಲ್ಲವಲ್ಲ.

ದಿನಾ ನಾನು ದರ್ಶನಕ್ಕೆ ಹೋಗುವಾಗ ಅವಳದು ಒಂದೇ ಪ್ರಶ್ನೆ. "ಇವತ್ತ ಯಾವ ದಿನಾರಿ ರಾಯರ?"

"ಚೌತಿ, ಹಂಪವ್ವ."

ಅವಳು ಕದಿರಿನ ನೂಲಿಗೆ ಒಂದು ಗಂಟು ಹಾಕುತ್ತಿದ್ದಳು. ಎಂಟು ಗಂಟಾದಾಗ ಅವಳ ಕುತ್ತಿಗೆಯ ಎಲುಬು ಎದ್ದು ಕಂಡಿತು. ಹನ್ನೆರಡಾದಾಗ ಕದಿರು ಕೆಳಗಿತ್ತು, ಗಂಟು ಹಾಕಲಿಕ್ಕಷ್ಟೇ ಎತ್ತಿಕೊಳ್ಳುತ್ತಿದ್ದಳು. ನಾನು ಗುಡಿಯ ಹಿಂಬದಿಯ ದಾರಿ ಹಿಡಿದೆ, ದಿನ ಕೇಳಲು ಅವಳಿಗೆ ಪೂಜಾರಿ ಉಳಿದ. ಹನುಮಪ್ಪನಿಗೆ ದೂರದಿಂದಲೇ ಕೈ ಮುಗಿದರೂ ನಡೆಯುತ್ತದೆ ಎಂದುಕೊಂಡೆ.

ಹುಣ್ಣಿಮೆಯ ಹೊತ್ತಿಗೆ ಮೆಹಬೂಬಬೀ ಅವಳನ್ನು ಕಂಡಳು. ಹತ್ತಿ ಹಿಂಜುವವರ ಮನೆಯ ವಿಧವೆ. ಗುಡಿಯ ಎದುರಿನ ಓಣಿಯವಳೇ, ಬಾಣಂತನಕ್ಕೆಂದು ಮಗಳ ಊರಿಗೆ ಹೋಗಿ ಆಗಷ್ಟೇ ಮರಳಿದ್ದಳು. ಪೌಳಿಯ ಕೆಳಗೆ ನಿಂತು, ಕೈ ಎಟುಕಿಸಿ, ತೆಳ್ಳನೆಯ ಜೋಳದ ಅಂಬಲಿಯನ್ನು ಚಮಚೆ ಚಮಚೆಯಾಗಿ ಕುಡಿಸತೊಡಗಿದಳು. ಹೊತ್ತಿಗೆ ನಾಲ್ಕು ಚಮಚೆ, ಮರುದಿನ ಐದು. ಜಾತಿಯ ಮಾತು ತೆಗೆದವರಿಗೆ ಹಂಪವ್ವ "ಹಸಿವಿಗೆ ಯಾವ ಕುಲಾರಿ" ಎಂದಳಂತೆ. ಒಂದು ದಿನ ಹಿಂಬದಿಯ ದಾರಿಯಲ್ಲೇ ಮೆಹಬೂಬಬೀ ನನ್ನನ್ನು ಹಿಡಿದಳು.

"ನಮ್ಮ ತಿಂಗಳಾಗ ಹೆಚ್ಚಿಂದು ಅನ್ನೂದ ಇಲ್ರಿ ರಾಯರ. ಚಂದ್ರ ಕಂಡ್ರ ತಿಂಗಳು ಆತು. ಯಾರಿಗೂ ಬ್ಯಾಡಾದ ತಿಂಗಳು ನಿಮ್ಮಲ್ಲಿ ಹೆಂಗ ಹುಟ್ಟಿತ್ರಿ?"

"ನಿನಗ ಪಂಚಾಂಗ ಏನು ತಿಳೀತದ?" ಎಂದು ಗದರಿದೆ.

ಮನೆಗೆ ಬಂದು ದಫ್ತರ ಬಿಚ್ಚಿದರೆ ಎದುರಿಗೆ ಫಸಲಿ ತಿಂಗಳುಗಳು, ಅಜೂರದಿಂದ ಆಬಾನ್ ತನಕ ಹನ್ನೆರಡೇ. ಅಲ್ಲಿಯೂ ಅಧಿಕವಿಲ್ಲ. ಸರಕಾರದ ಕಂದಾಯಕ್ಕೆ ನಾನು ದಿನಾ ಬರೆಯುವ ಆ ತಿಂಗಳುಗಳಲ್ಲೇ ಪಾಳಿ ಹಚ್ಚಿದ್ದರೆ ಹಂಪವ್ವ ಗುಡಿಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ. ಅಂದು ನಾನು ಸರಿಯಾಗಿ ಊಟ ಮಾಡಲಿಲ್ಲ. ಅದರಿಂದ ಅವಳಿಗೇನು ಬಂತು?

ಬಹುಳ ಪಂಚಮಿಗೆ ನಮ್ಮ ಮನೆಯ ಬಾಗಿನ. ಅಳಿಯ ಮಣೆಯ ಮೇಲೆ ಕೂತ, ಮೂವತ್ತಮೂರು ಹೋಳಿಗೆ, ಮೇಲೆ ದೀಪ. ಆರತಿ ಮುಗಿದ ಮೇಲೆ ನನ್ನ ಹೆಂಡತಿ ಸುಂದರಾಬಾಯಿ ಒಳಗೆ ಕರೆದಳು.

"ಗುಡ್ಯಾಗ ಹಂಪವ್ವನ್ನ ಕೂಡಿಸ್ಯಾರಂತ. ಕೂಡಿಸಿದವರು ನೀವೇ ಅಂತ ಮಂದಿ ಅಂತಾರ. ಖರೆ ಏನ್ರಿ?"

ನಾನು ಆರು ಹೋಳಿಗೆ ಎಲೆಯಲ್ಲಿ ಹಾಕಿಸಿಕೊಂಡು, ಮೇಲೆ ತುಪ್ಪ ಸುರಿಸಿಕೊಂಡು ಗುಡಿಗೆ ಹೋದೆ. ಈ ಸಲ ಎದುರಿನ ದಾರಿಯಿಂದಲೇ ಹೋದೆ. ಹಂಪವ್ವ ಗೋಡೆಗೆ ಒರಗಿದ್ದಳು. ಮಣಿಕಟ್ಟು ನನ್ನ ಎರಡು ಬೆರಳಿನಷ್ಟು ದಪ್ಪವಿರಲಿಲ್ಲ. ಹೋಳಿಗೆ ಮುರಿದು ಮುರಿದು ಕೈಗೆ ಹಾಕಿದೆ. ಮೆತ್ತಗಿತ್ತು, ಹಲ್ಲು ಬೇಕಿರಲಿಲ್ಲ. ಆರನ್ನೂ ತಿಂದಳು, ಎಲೆಯ ತುಪ್ಪವನ್ನೂ ಬೆರಳಿನಿಂದ ಬಳಿದು ನೆಕ್ಕಿದಳು. ನನ್ನ ಎದೆಯ ಭಾರ ಇಳಿದಂತಾಯಿತು. ನನಗೆ ಬೇಕಾಗಿದ್ದುದೂ ಅದೇ.

"ದೇವರ ಪಾಳಿ ಹಚ್ಚಿದ್ರಿ, ದೇವರ ಊಟಾನೂ ತಂದ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ ರಾಯರ" ಎಂದಳು.

ಮೊದಲಿನ ಹಂಪವ್ವನಾಗಿದ್ದರೆ ಅದು ಚುಚ್ಚುಮಾತು ಎನ್ನುತ್ತಿದ್ದೆ. ಅಂದು ಅವಳ ಕಣ್ಣಲ್ಲಿ ಅಂಥದ್ದೇನೂ ಇರಲಿಲ್ಲ. ನಿಜವಾಗಿಯೇ ಹರಸಿದಳು.

ಮರುದಿನದಿಂದ ಭೇದಿ ಹಿಡಿಯಿತು. ಮೆಹಬೂಬಬೀ ನನ್ನ ಮನೆಯ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಐದಾರು ದಿನಾ ಚಮಚಿಲೇ ಅಂಬಲಿ ಹಾಕಿ ಹೊಟ್ಟಿ ಹಿಡಿಸಿದ್ದೆ! ಒಣಗಿದ ಕರುಳಿಗೆ ಹೂರಣಾ ತುಪ್ಪಾ ಹಾಕಾರೇನ್ರಿ? ಯಾರನ್ನಾರ ಒಂದ ಮಾತು ಕೇಳಬಾರದ?"

ನಾನು ಯಾರನ್ನೂ ಕೇಳುವವನಲ್ಲ. ಬೇರೆಯವರು ಬಂದು ಕೇಳುವುದು ನನ್ನನ್ನು. ಹನುಮಸಾಗರಕ್ಕೆ ಆಳನ್ನು ಓಡಿಸಿ ಔಷಧ ತರಿಸಿದೆ. ನಿಲ್ಲಲಿಲ್ಲ. ಅಷ್ಟಮಿಯ ಸಂಜೆ ಓಬಳೆಪ್ಪನ ಮನೆಗೆ ಹೋದೆ. ದುರಗಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನಿಮ್ಮವ್ವ ಉಳಿಯೂದು ಕಠಿಣ ಅದ. ಮನಿಗೆ ಕರಕೊಂಡು ಬಾ" ಎಂದೆ.

"ಇನ್ನ ಆರೇಳು ದಿನಾ ಐತಲ್ರಿ. ದೇವರ ಪಾಳಿ ಅಂದವ್ರು ನೀವೇ" ಎಂದ. ಆಮೇಲೆ ಕತ್ತು ಕೆರೆದುಕೊಂಡು ಇನ್ನೊಂದು ಮಾತು ಹೇಳಿದ. "ಕಾಗದಾ ತಿದ್ದಿ ಕೊಡ್ರಿ ರಾಯರ. ಅಧಿಕ ನಂದು ಅಂತ ಬರದು ಕೊಟ್ರ ಈಗಿಂದೀಗ ಹೊತ್ತುಕೊಂಡು ಬರ್ತೀನಿ. ಇಲ್ಲಾಂದ್ರ ಬಾಲ್ಯಾ ನಾಳಿ ಎಲ್ಲಾನೂ ನನ್ನ ತಲಿಗೇ ಕಟ್ತಾನ."

ಕೇಳಿದ್ದು ಒಂದು ಸಾಲು. ಮನೆಗೆ ಬಂದು ಹಾಳೆ ತೆಗೆದೆ. ಕಂಬಳಿಯ ಮೇಲೆ ಕೂತೆ, ಲೇಖನಿ ಅದ್ದಿದೆ. ಅಷ್ಟು ಚೆಂದದ ಹಾಳೆ. ಅದರ ಮೇಲೆ ಗೀಟು ಎಳೆಯಲು ಕೈ ಬರಲಿಲ್ಲ. ಬೆಳಿಗ್ಗೆ ಇಬ್ಬರನ್ನೂ ಕರೆಸಿ, ಹೊಸ ಹಾಳೆಯಲ್ಲಿ ಎಲ್ಲವನ್ನೂ ಚೊಕ್ಕವಾಗಿ ಮತ್ತೆ ಬರೆದು ಕೊಡೋಣ ಎಂದು ಮಡಚಿಟ್ಟೆ.

ನವಮಿಯ ಬೆಳಿಗ್ಗೆ ಮೆಹಬೂಬಬೀ ಅಂಬಲಿ ತಂದಾಗ ಹಂಪವ್ವ ಇರಲಿಲ್ಲ. ಮೈ ತಣ್ಣಗಾಗಿತ್ತು. ನೂಲಿನಲ್ಲಿ ಇಪ್ಪತ್ತಮೂರು ಗಂಟುಗಳಿದ್ದವು. ಮಕ್ಕಳಿಬ್ಬರೂ ಎದೆ ಬಡಿದುಕೊಂಡು ಅತ್ತರು, ಅದು ನಾಟಕವಾಗಿರಲಿಲ್ಲ. ಓಬಳೆಪ್ಪ ಒಬ್ಬನೇ ಅವಳನ್ನು ಎತ್ತಿಕೊಂಡ. ಎರಡನೆಯವರು ಕೈ ಹಚ್ಚುವ ಅಗತ್ಯ ಬೀಳಲಿಲ್ಲ. ಹೊಲದಲ್ಲಿ ಗಂಡನ ಪಕ್ಕ ಮಣ್ಣು ಮಾಡಿದರು. ಕಾಗದದ ಮಾತನ್ನು ಯಾರೂ ಎತ್ತಲಿಲ್ಲ. ನಾನಂತೂ ಎತ್ತಲಿಲ್ಲ.

ಮರುವರ್ಷ ವೈಶಾಖ ಮುಗಿಯುವ ಹೊತ್ತಿಗೆ ಓಬಳೆಪ್ಪ ನನ್ನ ಕಟ್ಟೆಗೆ ಬಂದ. ಒಬ್ಬನೇ ಬಂದಿದ್ದ. ಅವ್ವನ ವರ್ಷದ ದಿನ ಮಾಡಬೇಕು, ಯಾವಾಗ ಬರುತ್ತದೆ ನೋಡಿ ಎಂದ.

"ಈ ವರ್ಷ ಅಧಿಕ ಇಲ್ಲಲ್ರಿ. ಅಧಿಕದಾಗ ತೀರಿದಾಕಿ ದಿನಾ ಹೆಂಗ ಮಾಡೂದ್ರಿ? ಮತ್ತ ಅಧಿಕ ಬರೂತನಕಾ ಕಾಯಬೇಕೇನು?"

ಪಂಚಾಂಗ ತೆರೆದಿತ್ತು. ನಾಲಗೆ ಅಭ್ಯಾಸಬಲದಿಂದ ಉತ್ತರ ಕೊಟ್ಟುಬಿಟ್ಟಿತು. "ಕಾಯಬೇಕಾಗಿಲ್ಲ. ಜ್ಯೇಷ್ಠ ಬಹುಳ ನವಮಿಗೆ ಮಾಡು. ಶಾಸ್ತ್ರದಾಗ ಅಧಿಕ ಜ್ಯೇಷ್ಠ ಅಂದ್ರೂ ಜ್ಯೇಷ್ಠನೇ. ಎರಡೂ ಒಂದೇ ತಿಂಗಳು."

ಹೇಳಿದ ಮೇಲೆ ನಾನೇನು ಹೇಳಿದೆ ಎಂದು ನನಗೆ ತಿಳಿಯಿತು. ಈ ಶಾಸ್ತ್ರ ನಾನು ಹೊಸದಾಗಿ ಓದಿದ್ದಲ್ಲ. ಹನ್ನೆರಡನೆಯ ವಯಸ್ಸಿಗೇ ತಂದೆಯವರು ಬಾಯಿಪಾಠ ಮಾಡಿಸಿದ್ದರು. ಸತ್ತವರ ದಿನ ಹೇಳುವಾಗ ಎಷ್ಟೋ ಮನೆಗಳಿಗೆ ಇದನ್ನೇ ಹೇಳಿದ್ದೆ.

ಓಬಳೆಪ್ಪ ಬೆರಳು ಮಡಚಿ ತಿಂಗಳು ಎಣಿಸಿದ.

"ಹಂಗಾದ್ರ ರಾಯರ, ಆ ತಿಂಗಳು ಮೊದಲಿಂದನೂ ನನ್ನ ಪಾಳಿನೇ ಇತ್ತೇನ್ರಿ?"

"ಹೌದು" ಎಂದೆ.

ಅವನು ಬೈಯಲಿಲ್ಲ. ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, ಮತ್ತೆ ಸುತ್ತಿಕೊಂಡ, ಎದ್ದ. ಮೆಟ್ಟಿಲಿಳಿಯುವಾಗ ತಿರುಗಿ ನೋಡಿದ.

"ಇಷ್ಟ ಮಾತು ಅವತ್ತ ಅಂದಿದ್ರ ಆಗ್ತಿತ್ತಲ್ರಿ" ಎಂದ.

ನಾನು ಹಂಪವ್ವ ನೂತ ಕಂಬಳಿಯ ಮೇಲೆ ಕೂತಿದ್ದೆ. ಎದ್ದು ಅವನ ಹಿಂದೆ ಹೋಗಲಿಲ್ಲ.